ಹಿಂಬದಿಯ ಸೀಲ್

ಮೇಷ್ಟ್ರ ಕಾರು ಎಂಟೇ ದಿನಕ್ಕೆ ವಾಪಸ್ಸು ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಾಗ ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಎದ್ದಳು.

"ಏನಮ್ಮಾ, ಮತ್ತೆ ಎಣ್ಣೆ ಸೋರ್ತಿದೆಯಲ್ಲ! ಕಾರನ್ನೂ ನನ್ನನ್ನೂ ಸೇರಿಸಿ ಮನೆಯಿಂದ ಹೊರಗೆ ಹಾಕ್ತೀನಿ ಅಂತಿದಾಳೆ ನಮ್ಮನೆಯವಳು," ಎಂದು ಮೇಷ್ಟ್ರು ನಕ್ಕು, ಶಾಲೆ ಕಡೆ ಹೊರಟರು.

ಅವಳಿಗೆ ನಗು ಬರಲಿಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ತಡೆಯುವ, ಸವೆದಿದ್ದ ಆಯಿಲ್ ಸೀಲನ್ನು ಹೋದ ವಾರ ಬದಲಿಸಿದ್ದು ಅವಳಪ್ಪ. ನಲವತ್ತು ವರ್ಷ ಪಳಗಿದ ಕೈ. ಊರಿನ ಅರ್ಧ ಮೆಕ್ಯಾನಿಕ್‌ಗಳು ಅವನ ಕೈಯಲ್ಲಿ ಬೈಸಿಕೊಂಡೇ ಕೆಲಸ ಕಲಿತವರು, ಅವಳೂ ಸೇರಿ. ಇತ್ತೀಚೆಗೆ ಮಾತ್ರ ಕೇಳಿದ್ದನ್ನೇ ಎರಡೆರಡು ಸಲ ಕೇಳುತ್ತಿದ್ದ. ವಯಸ್ಸು, ಬಿಡು ಎಂದು ಅವಳು ಸುಮ್ಮನಿದ್ದಳು.

ಅಪ್ಪ ಬಿಡಿಭಾಗ ತರಲು ಹೋಗಿದ್ದ, ಬರುವುದು ಮಧ್ಯಾಹ್ನ. ಬರುವುದರೊಳಗೆ ನೋಡಿಬಿಡಬೇಕು. ಎಣ್ಣೆ ಎಲ್ಲಿಂದಲೋ ಇಳಿದು ಎಲ್ಲಿಯೋ ತೊಟ್ಟಿಕ್ಕುತ್ತದೆ, ಹನಿ ಬಿದ್ದ ಜಾಗ ನಂಬುವವನು ಮೆಕ್ಯಾನಿಕ್ಕೇ ಅಲ್ಲ. ಅವಳು ಎಂಜಿನ್ ತೊಳೆದು ಒಣಗಿಸಿ, ಸೋರಿದ ಜಾಗ ಒದ್ದೆಯಾಗಿ ಕಾಣಲೆಂದು ಮೇಲಿಂದ ಕೆಳಗೆ ಪೌಡರ್ ಉದುರಿಸಿ, ಸ್ಟಾರ್ಟ್ ಮಾಡಿ ಕಾರಿನಡಿಯ ಗುಂಡಿಗಿಳಿದಳು. ಮೇಲಿನ ಮುಚ್ಚಳದಿಂದ ಸೋರಲಪ್ಪಾ, ಇನ್ನೆಲ್ಲಿಂದಾದರೂ ಸೋರಲಿ, ಆ ಸೀಲೊಂದು ಆಗದಿರಲಿ ಎಂದು ಬೇಡಿಕೊಂಡಳು. ಮೇಲೆಲ್ಲ ಪೌಡರ್ ಬೆಳ್ಳಗೆ ಒಣಗೇ ಇತ್ತು. ಹಿಂಬದಿಯಲ್ಲಿ ಮಾತ್ರ ಒದ್ದೆ.

ಗೇರ್‌ಬಾಕ್ಸ್ ಇಳಿಸಿ ನೋಡಿದರೆ, ಸೀಲು ತಿರುಗಾಮುರುಗ ಕೂತಿತ್ತು. ಸೀಲಿನ ಒಳ ಅಂಚಿನ ತುಟಿಯ ಸುತ್ತಲಿನ ಸಣ್ಣ ಸ್ಪ್ರಿಂಗು ಒಳಗೆ ಎಣ್ಣೆಯ ಕಡೆ ಇರಬೇಕಾದದ್ದು, ಹೊರಗಡೆಯಿಂದ ಅವಳನ್ನೇ ನೋಡುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರದವರು ಮಾಡುವ ತಪ್ಪು. ಅವಳು ಗುಂಡಿಯ ಗೋಡೆಗೊರಗಿ ಅಲ್ಲೇ ಕೂತು ಅತ್ತಳು.

ಮಧ್ಯಾಹ್ನ ಮೇಷ್ಟ್ರೂ ಅಪ್ಪನೂ ಒಟ್ಟಿಗೇ ಬಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅಂತಾರೆ. ಇಲ್ಲಿ ಅಪ್ಪನ ಮಾನ ಹೋಗಲಿದ್ದದ್ದು ಒಂದು ರಬ್ಬರ್ ಬಳೆಗೆ. ಅವಳು ಹೋಗಗೊಡಲಿಲ್ಲ.

"ತಪ್ಪು ನನ್ನದೇ ಮೇಷ್ಟ್ರೇ. ಸೀಲು ಉಲ್ಟಾ ಹಾಕಿಬಿಟ್ಟಿದೀನಿ."

ಅಪ್ಪ ಕಣ್ಣು ಹೊಡೆದು ಸುಮ್ಮನಾಗುತ್ತಾನೆ ಎಂದುಕೊಂಡಿದ್ದಳು. ಅವನು ಕೆಂಡವಾದ.

"ಉಲ್ಟಾ? ತಲೇಲಿ ಏನಿಟ್ಕೊಂಡಿದೀಯೇ? ಎಷ್ಟು ಸಲ ಬಡ್ಕೊಂಡಿದೀನಿ ನಿಂಗೆ! ನೋಡಿ ಮೇಷ್ಟ್ರೇ, ಇನ್ಮೇಲೆ ಸೀಲಿನ ಕೆಲಸ ಒಂದೂ ಇವಳ ಕೈಗೆ ಕೊಡಲ್ಲ, ಎಲ್ಲಾ ನಾನೇ ಮಾಡ್ತೀನಿ."

ಅವನು ನಾಟಕ ಆಡುತ್ತಿರಲಿಲ್ಲ. ಹೋದ ವಾರದ ಆ ಇಡೀ ದಿನ ಅವನ ತಲೆಯಲ್ಲಿ ಇರಲೇ ಇಲ್ಲ. ಬೈಗುಳ ಅವಳಿಗೆ ನಾಟಲಿಲ್ಲ. ನಾಟಿದ್ದು ಅವನ ಆ ಮರೆವು.

"ಹೋಗ್ಲಿ ಬಿಡಿ, ಕಲಿಯೋ ಹುಡುಗಿ," ಎಂದು ಮೇಷ್ಟ್ರು ಸಮಾಧಾನ ಹೇಳಿ, ಸಂಜೆ ಬರುತ್ತೇನೆಂದು ಹೋದರು.

ಅಪ್ಪ ಗೊಣಗುತ್ತಲೇ ಗುಂಡಿಗಿಳಿದ, ಹಿಂದೆಯೇ ಅವಳೂ. ಜಾಗ ಒರೆಸಿದ, ಹೊಸ ಸೀಲಿನ ತುಟಿಗೆ ಎಣ್ಣೆ ಸವರಿದ, ಎತ್ತಿ ಹಿಡಿದ. ಸ್ಪ್ರಿಂಗು ಹೊರಗಡೆ ಇತ್ತು. ಸುತ್ತಿಗೆಗೆ ಕೈ ಚಾಚಿದ.

"ಅಪ್ಪಾ," ಎಂದಳು ಮೆಲ್ಲಗೆ. "ಆ ಕಡೆ ಅಲ್ಲಪ್ಪಾ."

ಅಪ್ಪ ಸೀಲನ್ನು ನೋಡಿದ. ತಿರುಗಿಸಿ ನೋಡಿದ. ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ.

"ಹೋದ ವಾರ ಹಾಕಿದ್ದು ನೀನಲ್ಲ, ಅಲ್ವಾ ಮಗಳೇ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾಳೆ ಇನ್ನೊಂದು ಕಾರು, ನಾಡಿದ್ದು ಒಂದು ಬ್ರೇಕು.

"ಅಲ್ಲಪ್ಪಾ."

"ಅಷ್ಟು ಬೈದ್ನಲ್ಲೇ ನಿನ್ನ, ಅವರೆದುರಿಗೆ."

"ನಿನ್ನ ಬೈಗುಳ ನಂಗೇನು ಹೊಸದಾ?"

ಅಪ್ಪ ಸೀಲನ್ನು ಅವಳ ಅಂಗೈಯಲ್ಲಿಟ್ಟ. "ತಗೋ. ಇನ್ಮೇಲೆ ನೀನೇ ಹಾಕು. ನಾನು ಲೈಟ್ ಹಿಡ್ಕೋತೀನಿ."

ನಲವತ್ತು ವರ್ಷ ಬೇರೆಯವರು ಅವನಿಗೆ ಲೈಟ್ ಹಿಡಿದಿದ್ದರು. ತಾನೇ ಹಿಡಿದು ಅವನಿಗೆ ಅಭ್ಯಾಸವಿರಲಿಲ್ಲ. ಬೆಳಕು ಅವಳ ಕೈ ಬಿಟ್ಟು ಗೋಡೆಗೆ ಬೀಳುತ್ತಿತ್ತು.

"ಸರಿಯಾಗಿ ಕಾಣ್ತಿದೆಯಾ?" ಎಂದು ಕೇಳಿದ.

"ಚೆನ್ನಾಗಿ ಕಾಣ್ತಿದೆ ಅಪ್ಪಾ," ಎಂದು ಅವಳು ಕತ್ತಲಲ್ಲೇ ತಡಕಿ ಸೀಲು ಕೂರಿಸಿದಳು.