ಒಂದು ವರ್ಷ, ಮೂರು ದಿನ, ಹತ್ತು ಗಂಟೆ

ನಾನು ಪಂದ್ಯದ ಪಾರಿವಾಳ. ಬೆಂಗಳೂರಿನ ಬಿನ್ನಿಪೇಟೆಯಲ್ಲಿ, ಲೇತ್ ಕೆಲಸದ ಗಂಗಹನುಮಯ್ಯನವರ ತಾರಸಿಯ ಗೂಡಿನಲ್ಲಿ ಮೊಟ್ಟೆಯೊಡೆದು ಬಂದೆ. ಮೈ ಕೆಂಚಗಿತ್ತು, ಅವರ ಹೆಂಡತಿ ನಿಂಗಮ್ಮ ಕೆಂಚಿ ಎಂದು ಕರೆದರು.

ನನ್ನ ಜೋಡಿ ಬೂದ. ಮರಿಯಾಗಿದ್ದಾಗ ಬೆಕ್ಕು ಹಿಡಿದದ್ದರಿಂದ ಅವನ ಬಲರೆಕ್ಕೆ ಎಡಕ್ಕಿಂತ ಒಂದು ಚೂರು ತಡವಾಗಿ ಬಡಿಯುತ್ತಿತ್ತು. ಆದರೂ ಗೂಡಿನಲ್ಲಿ ಅವನೇ ವೇಗದವನು. ಅವನನ್ನು ನಾಗಪುರದ ಪಂದ್ಯಕ್ಕೆ ಕಳಿಸಿದರು. ಆಕಾಶದ ದಾರಿಯಲ್ಲಿ ಒಂಬೈನೂರ ಇಪ್ಪತ್ತು ಕಿಲೋಮೀಟರು. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಒಳ್ಳೆಯ ಹಕ್ಕಿ ಮರುದಿನ ಮನೆ ಸೇರುತ್ತದೆ. ಬೂದ ಬರಲೇ ಇಲ್ಲ.

ಮರುವರ್ಷ ನನ್ನ ಸರದಿ. ಕಾಲಿಗೆ ರಬ್ಬರ್ ಉಂಗುರ ತೊಡಿಸಿದರು. ಅದರ ಒಳಗಿನ ಸಂಖ್ಯೆ ಯಾವ ಹಕ್ಕಿಯದೆಂದು ಬರೆದಿರುವುದು ಕ್ಲಬ್ಬಿನ ಪುಸ್ತಕದಲ್ಲಿ ಮಾತ್ರ. ನಾಗಪುರದಲ್ಲಿ ಬುಟ್ಟಿ ತೆರೆದರು. ನಡುದಾರಿಯಲ್ಲಿ ಗುಂಪು ಚದುರಿ ನಾನೊಬ್ಬಳೇ ಉಳಿದೆ. ಕೃಷ್ಣಾ ನದಿಯ ಹತ್ತಿರ ರೆಕ್ಕೆ ಸೋತಾಗ ಎಡಗಡೆ ಒಂದು ಸದ್ದು ಕೇಳಿತು. ಒಂದು ಬಡಿತ, ಅದರ ಹಿಂದೆ ಚೂರು ತಡವಾಗಿ ಇನ್ನೊಂದು. ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಕೆಳಗೆ ಮರಳಿನ ಮೇಲೆ ಎರಡು ನೆರಳು ಓಡುತ್ತಿದ್ದವು.

ಆಮೇಲಿನ ದಾರಿ ನನಗೆ ನೆನಪಿಲ್ಲ. ಕಣ್ಣು ತಿಳಿಯಾದಾಗ ನಮ್ಮ ತಾರಸಿಯ ಮೇಲಿದ್ದೆ. ಅದೇ ದಿನ, ಸಂಜೆ ನಾಲ್ಕು ಗಂಟೆ. ಗಂಗಹನುಮಯ್ಯನವರು ಇನ್ನೂ ಕೆಲಸದಲ್ಲಿದ್ದರು. ನಿಂಗಮ್ಮ ಉಂಗುರ ಬಿಚ್ಚಿ, ಹಕ್ಕಿ ಬಂದ ಹೊತ್ತನ್ನು ಗುರುತು ಹಾಕುವ ಪಂದ್ಯದ ಗಡಿಯಾರದ ಪೆಟ್ಟಿಗೆಗೆ ಹಾಕಿದರು. ನನ್ನ ಪಕ್ಕದ ಖಾಲಿ ಜಾಗಕ್ಕೆ ಬಾಗಿ, ಇನ್ನೊಂದನ್ನೂ ಬಿಚ್ಚಿದರು.

ಮರುದಿನ ಕ್ಲಬ್ಬಿನ ಕಾರ್ಯದರ್ಶಿ ನಮ್ಮ ತಾರಸಿಯಲ್ಲೇ ಪೆಟ್ಟಿಗೆ ತೆರೆದರು. ಎರಡು ಉಂಗುರ ಸಿಕ್ಕವು. ಅವರು ಪುಸ್ತಕವನ್ನು ಎರಡು ಸಲ ತಿರುವಿದರು.

"ಇದು ಹೋದ ವರ್ಷದ್ದು ಕಣ್ರೀ," ಎಂದರು ಕೊನೆಗೆ. "ಬೂದನ ಕಾಲಲ್ಲಿ ಹೋಗಿದ್ದು. ಲೆಕ್ಕ ಹಾಕಿದ್ರೆ ಒಂದು ವರ್ಷ, ಮೂರು ದಿನ, ಹತ್ತು ಗಂಟೆ ಆಯ್ತದೆ."

ಗಂಗಹನುಮಯ್ಯನವರು ಹೆಂಡತಿಯ ಕಡೆ ನೋಡಿದರು. "ನೀನು ನೋಡಿದ್ದು ಎಷ್ಟು ಹಕ್ಕಿ?"

"ಎರಡು. ಎರಡಕ್ಕೂ ನಾನೇ ಕಾಳು ಹಾಕ್ದೆ. ಬೂದನ ಕಾಲು ತಣ್ಣಗಿತ್ತು ಅಷ್ಟೆ."

ಪಂದ್ಯದಿಂದ ಬಂದು ಗೂಡಿನಲ್ಲಿ ಇದ್ದವಳು ನಾನೊಬ್ಬಳೇ. ಗಂಗಹನುಮಯ್ಯನವರು ಬಹುಮಾನ ಬೇಡವೆಂದರು. ಕಾರ್ಯದರ್ಶಿ ಹೋದ ಮೇಲೆ ನಿಂಗಮ್ಮ ಮೆಲ್ಲಗೆ ಕೇಳಿದರು: "ಅವನು ಇವಳಿಗೆ ದಾರಿ ತೋರ್ಸಕ್ ಬಂದಿದ್ನಾ, ಇಲ್ಲಾ ಜೊತೇಲಿ ಕರ್ಕೊಂಡ್ ಹೋಗಕ್ಕಾ?" ಆ ವಾರವೇ ನನ್ನನ್ನು ಮೈಸೂರಿಗೆ, ನಿಂಗಮ್ಮನವರ ತಮ್ಮನ ಮನೆಗೆ ಕೊಟ್ಟುಬಿಟ್ಟರು.

ಈಗ ನನಗೆ ಹದಿಮೂರು ವರ್ಷ. ಮುದುಕಿ ಎಲ್ಲಿಗೆ ಹೋದಾಳು ಎಂದು ಇವರು ಗೂಡಿನ ಬಾಗಿಲು ಹಾಕುವುದೇ ಇಲ್ಲ. ಇಲ್ಲಿಂದ ಬಿನ್ನಿಪೇಟೆ ಎರಡೇ ಗಂಟೆಯ ಹಾರಾಟ, ರೆಕ್ಕೆಗೆ ಇನ್ನೂ ಅಷ್ಟು ಶಕ್ತಿಯಿದೆ. ಹಾರಿದರೆ ಬೂದ ಬಂದೇ ಬರುತ್ತಾನೆ. ಅವನು ಸೇರಿಕೊಂಡರೆ ನಾನು ಯಾವ ಮನೆ ಮುಟ್ಟುತ್ತೇನೋ ತಿಳಿಯದು.

ದಿನಾ ಹೊಸ್ತಿಲವರೆಗೆ ಬರುತ್ತೇನೆ. ನಿನ್ನೆಯಿಂದ ಭಯ ಸ್ವಲ್ಪ ಕಡಿಮೆಯಾಗಿದೆ.