ಕಿಟಕಿಯ ಬೆಳಕಿನಲ್ಲಿ ಓದಿದ ಕಾಗದ

ಹಡಗಲಿಯ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಪಾಲಾಕ್ಷನಿಗೆ ಹಳೆಯ ಕ್ಯಾಲೆಂಡರಿನಲ್ಲಿ ಹಾಲೆಂಡ್ ದೇಶದ ಕಲಾವಿದನೊಬ್ಬನ ಚಿತ್ರವೊಂದು ಸಿಕ್ಕಿತ್ತು. ಕಿಟಕಿಯ ಹತ್ತಿರ ನಿಂತು ಕಾಗದ ಓದುವ ಹೆಂಗಸು, ಎಡಗಡೆಯಿಂದ ಅವಳ ಕೆನ್ನೆಯ ಮೇಲೆ ಬೀಳುವ ತಣ್ಣನೆಯ ಬೆಳಕು. ಅಂಥದ್ದೇ ಒಂದನ್ನು ಬರೆದು ಬಳ್ಳಾರಿಯ ಸ್ಪರ್ಧೆಗೆ ಕಳಿಸಬೇಕೆಂದು ಅವನಿಗೆ ಹಟ ಹತ್ತಿತು.

ಭಾನುವಾರ ಮಧ್ಯಾಹ್ನ ಹೆಂಡತಿ ಅಂಜಿನಕ್ಕನನ್ನು ಪಡಸಾಲೆಯ ಕಿಟಕಿಗೆ ನಿಲ್ಲಿಸಿದ. ತನ್ನ ಟ್ರಂಕಿನಲ್ಲಿದ್ದ ಹಳೆಯ ಕಾಗದಗಳ ಕಟ್ಟಿನಿಂದ ಒಂದು ಇನ್‌ಲ್ಯಾಂಡನ್ನು ನೋಡದೆಯೇ ಎಳೆದು ಕೈಗೆ ಕೊಟ್ಟು, ಓದುವವಳಂತೆ ಹಿಡಿದುಕೊಂಡರೆ ಸಾಕು ಎಂದ. ಸಾಕ್ಷರತೆಯ ಸಂಜೆ ಶಾಲೆಯಲ್ಲಿ ಅವಳು ಸಹಿ ಹಾಕುವಷ್ಟು ಮಾತ್ರ ಕಲಿತು ನಿಲ್ಲಿಸಿದಳೆಂದೇ ಅವನು ತಿಳಿದಿದ್ದ. ಆಮೇಲೆಯೂ ಅವಳು ಬಸ್ಸಿನ ಬೋರ್ಡು, ಸಕ್ಕರೆ ಕಟ್ಟಿದ ಪೇಪರು ಓದುತ್ತ ಬಂದಿದ್ದಳು. ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

‘ತಂಗಿ ಅಂಜಿನಕ್ಕನಿಗೆ’ ಎಂಬಲ್ಲಿಗೆ ಅವಳ ಕಣ್ಣು ನಿಂತಿತು. ಕೆಳಗೆ ತವರೂರು ಹೊಳಲಿನ ಅಣ್ಣ ಗಾದೆಪ್ಪನ ಹೆಸರಿತ್ತು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಹೋದಳು. ಅವ್ವನಿಗೆ ಜಾಸ್ತಿಯಾಗಿದೆ, ನಿನ್ನ ಹೆಸರು ಹಿಡಿದು ಕರೆಯುತ್ತಾಳೆ, ಕೂಡಲೇ ಬಾ.

“ತುಟಿ ಅಲ್ಲಾಡಿಸಬ್ಯಾಡ,” ಎಂದ ಪಾಲಾಕ್ಷ. “ಚಿತ್ರದಾಗಿನಾಕಿ ನೋಡು, ಹೆಂಗ ಸುಮ್ಮನ ನಿಂತಾಳ.”

ಮೇಲಿದ್ದ ತಾರೀಖು ಹೋದ ವರ್ಷದ್ದು. ಅದಾಗಿ ಒಂಬತ್ತನೆಯ ದಿನ ಅವ್ವ ತೀರಿಕೊಂಡಿದ್ದಳು. ಕಾಗದ ಹಾಕಿದರೂ ಬರಲಿಲ್ಲವೆಂದು ಅಣ್ಣ ಅವ್ವನನ್ನು ಮಣ್ಣು ಮಾಡಿದ ದಿನವೇ ಮಾತು ಬಿಟ್ಟಿದ್ದ. ಯಾವ ಕಾಗದವೂ ಬಂದಿಲ್ಲವೆಂದು ಅವಳು ಆಣೆ ಮಾಡಿದ್ದಳು. ವರ್ಷವಿಡೀ ಟಪಾಲಿನವನಿಗೆ ಶಾಪ ಹಾಕಿದ್ದಳು.

“ಇದನ್ನ ಯಾಕ ಮುಚ್ಚಿಟ್ರಿ?”

ಅವನು ಎದ್ದು ಬಂದು ಕಾಗದ ನೋಡಿದ. ಕೈಯಲ್ಲಿದ್ದ ಬ್ರಶ್ಶಿನಿಂದ ಬಣ್ಣ ನೆಲಕ್ಕೆ ತೊಟ್ಟಿಕ್ಕಿತು. ಆಗ ತೋಟದಲ್ಲಿ ಮಲ್ಲಿಗೆಯ ಸುಗ್ಗಿ, ನೀನು ಹೋಗಿದ್ದರೆ ನಸುಕಿನಲ್ಲಿ ಮೊಗ್ಗು ಬಿಡಿಸುವವರು ಯಾರಿದ್ದರು, ಮುದುಕಿ ಚೇತರಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ, ಸತ್ತ ಮೇಲೆ ತೋರಿಸಿ ಏನು ಮಾಡುವುದಿತ್ತು ಎಂದೆಲ್ಲ ಹೇಳಿದ. ಕೊನೆಗೆ, “ಹರಿದು ಹಾಕಬೇಕಿತ್ತು,” ಎಂದ, ತಪ್ಪಾದದ್ದು ಅಷ್ಟೇ ಎನ್ನುವವನಂತೆ. ಆಮೇಲೆ ಕಿಟಕಿಯ ಕಡೆ ನೋಡಿದ.

“ಇನ್ನ ಅರ್ಧ ತಾಸು ನಿಂದ್ರು. ಬೆಳಕು ಹೋಗ್ತೈತಿ.”

ಅವಳು ನಿಲ್ಲಲಿಲ್ಲ. ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಹೊಳಲಿನ ಬಸ್ಸು ಹತ್ತಿದಳು.

ಗಾದೆಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಅವಳು ಸೆರಗಿನ ಗಂಟು ಬಿಚ್ಚಿ ಕಾಗದ ಕೊಟ್ಟಳು. ಅವನು ತನ್ನ ಅಕ್ಷರವನ್ನು ನೋಡಿದ, ತಿರುಗಿಸಿ ಹಡಗಲಿಯ ಟಪಾಲು ಮುದ್ರೆಯನ್ನು ನೋಡಿದ.

“ಅಂದ್ರ ಮುಟ್ಟಿತ್ತು.”

ಗಂಡ ಮುಚ್ಚಿಟ್ಟಿದ್ದ, ತನಗೆ ಇವತ್ತೇ ತಿಳಿದದ್ದು ಎಂದು ಅವಳು ಹೇಳಿದಳು. ಎರಡು ಸಲ ಹೇಳಿದಳು. ಅವನು ಕಾಗದವನ್ನು ಮೊದಲಿದ್ದ ಮಡಿಕೆಗೇ ಮಡಿಚಿದ.

“ಮಗಳು ಓದಾಕ ಕಲ್ತಾಳ ಅಂತ ಅವ್ವ ಓಣಿಗೆಲ್ಲ ಹೇಳ್ಕೊಂಡು ಬಂದಿದ್ಲು. ಗಂಡನ ಹೆಸರು ಬ್ಯಾಡ, ಆಕಿ ಹೆಸರಿಗೇ ಹಾಕು ಅಂದ್ಲು. ಈಗ ತಪ್ಪನ್ನ ಅವನ ಮ್ಯಾಲ ಹಾಕ್ತಿಯೇನು?”

ಕಾಗದವನ್ನು ಕಟ್ಟೆಯ ಮೇಲಿಟ್ಟು ಅವನು ಒಳಗೆ ಹೋದ. ಅತ್ತಿಗೆ ಬಾಗಿಲಿಗೆ ಬಂದು ಒಂದು ತಂಬಿಗೆ ನೀರು ಇಟ್ಟಳು, ಒಳಗೆ ಬಾ ಎನ್ನಲಿಲ್ಲ.