ಯಾರದೂ ಅಲ್ಲದ ಅಂಕಿ

ಗದುಗಿನ ಮುಳಗುಂದ ನಾಕಾದಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯ ತಮ್ಮ ಪುಟ್ಟ ಕಂಪನಿಯಲ್ಲಿ ಕೂತು ಸಿದ್ದಾರೂಢ ಸಾಹೇಬರು ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಉದ್ಧಾರ ಮಾಡುತ್ತಿದ್ದರು. ಅಂದರೆ, ಸ್ನೇಹಾ ಕೆಲಸ ಮಾಡುತ್ತಿದ್ದಳು, ಅವರು ಉದ್ಧಾರ ಮಾಡುತ್ತಿದ್ದರು.

ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯಲ್ಲಿ ಹತ್ತಾರು ತೋರಿಕೆಯ ಕಂಪ್ಯೂಟರುಗಳನ್ನು ಓಡಿಸುವ ಕರ್ನಲ್ ಕೋಡ್, ಅಂದರೆ ಯಂತ್ರದ ತೀರ ತಳಮಟ್ಟದ ಕೋಡ್, ಅವಳದು. ಒಳಗಿನ ಪ್ರತಿಯೊಂದಕ್ಕೂ ‘ನೀನು ಇಂಥ ಪೀಳಿಗೆಯ ಪ್ರೊಸೆಸರ್ ಇದ್ದಂತೆ ನಡೆದುಕೋ’ ಎಂದು ಒಂದು ಅಂಕಿ ಕೊಡಬೇಕು. ಗಿರಾಕಿ ಏನೂ ಹೇಳದಿದ್ದರೆ, ‘ಹೇಳಿಲ್ಲ’ ಎಂಬುದನ್ನು ಗುರುತಿಸಲಿಕ್ಕೂ ಒಂದು ಅಂಕಿ ಬೇಕಲ್ಲ? ಅದನ್ನು ಸಾಹೇಬರೇ ಆರಿಸಿದರು.

“ಹನ್ನೊಂದು ಇಡು. ಪೇಟ್ಯಾಗ ಇರೂದು ಹತ್ತನೇ ಪೀಳಿಗಿ ತನಕ. ಹನ್ನೊಂದು ಯಾರದೂ ಅಲ್ಲ.”

“ಇವತ್ತ ಅಲ್ಲರಿ ಸರ್. ನಾಳೆ ಹನ್ನೊಂದನೇದು ಬಂದ್ರ? ಸೊನ್ನಿ ಇಡೂಣ್ರಿ. ಅದನ್ನ ಯಾವತ್ತೂ ಯಾವ ಪೀಳಿಗಿಗೂ ಕೊಡೂದಿಲ್ಲಂತ ಪ್ರೊಸೆಸರ್ ತಯಾರಿಸಾವ್ರ ಬರದು ಕೊಟ್ಟಾರ.”

“ಬಂದಾಗ ನೋಡೂಣು ಬಿಡವಾ. ನೀ ಇನ್ನೂ ಖಾಯಂ ಆಗಿಲ್ಲ, ಆಗಲೇ ನನಗ ಪಾಠ ಹೇಳಾಕ ಹತ್ತಿ.”

ಖಾಯಂ! ಅದೇ ಅವಳ ಗೋಳು. ಕೆಲಸಕ್ಕೆ ಸೇರಿ ವರ್ಷ ತುಂಬಿ ಮೂರು ತಿಂಗಳಾದರೂ ಆದೇಶ ಬಂದಿರಲಿಲ್ಲ. ಕಾರಣ, ನೌಕರರ ದಾಖಲೆಯ ಸಾಫ್ಟ್‌ವೇರ್. ಅದೂ ಸಾಹೇಬರದೇ ಕೈಚಳಕ. ನಮ್ಮ ಕಡೆ ಹಿಂದೆ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ ಒಂದು ಎಂದು ಬರೆದುಬಿಡುತ್ತಿದ್ದರಷ್ಟೆ? ಬುದ್ಧಿವಂತ ಸಾಹೇಬರು ಜೂನ್ ಒಂದು ಕಂಡಲ್ಲೆಲ್ಲ ‘ಹುಟ್ಟಿದ ದಿನ ಗೊತ್ತಿಲ್ಲ’ ಎಂದು ಅದು ಓದಿಕೊಳ್ಳುವಂತೆ ಮಾಡಿದ್ದರು. ಹುಟ್ಟಿದ ದಿನ ಗೊತ್ತಿಲ್ಲದವರನ್ನು ಅದು ಖಾಯಂ ಮಾಡುತ್ತಿರಲಿಲ್ಲ. ಸ್ನೇಹಾ ಮಾತ್ರ ಖರೇನೇ ಜೂನ್ ಒಂದರಂದು ಹುಟ್ಟಿದ್ದಳು. ಎಂಥ ಅಪರಾಧ!

ಅವಳ ತಾಯಿ ಕಸ್ತೂರೆವ್ವ ಹೆರಿಗೆಯಾದ ಆಸ್ಪತ್ರೆಯ ಚೀಟಿ ಹಿಡಿದು ಹರ್ತಿಯಿಂದ ಬಸ್ಸಿನಲ್ಲಿ ಬಂದೇ ಬಂದಳು. “ಬ್ಯಾನಿ ತಿಂದು ಹಡದಾಕಿ ನಾನು. ತಾರೀಖು ಗೊತ್ತಿರೂದು ಈ ಡಬ್ಬಿಗೇನ್ರಿ?”

“ನಿಮ್ಮ ಮಾತು ಖರೆ ಐತ್ರಿ ಅವ್ವಾರ, ಆದ್ರ ಸಿಸ್ಟಮ್ ಒಪ್ಪೂದಿಲ್ಲ,” ಎಂದರು ಸಾಹೇಬರು, ಆ ಸಿಸ್ಟಮ್ ಆಕಾಶದಿಂದ ಉದುರಿ ಬಿದ್ದಿತ್ತೇನೋ ಎಂಬಂತೆ.

ಮಳೆಗಾಲ ಮುಗಿಯುವುದರೊಳಗೆ ಹನ್ನೊಂದನೆಯ ಪೀಳಿಗೆ ಪೇಟೆಗೆ ಬಂತು. ದೊಡ್ಡ ಗಿರಾಕಿಯೊಬ್ಬ ‘ಹನ್ನೊಂದು’ ಎಂದು ಕೇಳಿದ. ಕೋಡ್ ಅದನ್ನು ‘ಏನೂ ಹೇಳಿಲ್ಲ’ ಎಂದು ತಿಳಿದು ಎಲ್ಲಕ್ಕಿಂತ ಹಳೆಯ ಪೀಳಿಗೆಯ ಅಂಕಿ ಕೊಟ್ಟಿತು. ಹೊಸ ಪೀಳಿಗೆಗೆಂದೇ ಸಜ್ಜಾಗಿದ್ದ ಒಳಗಿನ ಕಂಪ್ಯೂಟರುಗಳಲ್ಲಿ ಒಂದೂ ಏಳಲಿಲ್ಲ. ಬೆಳಗಿನಿಂದ ಸಾಹೇಬರ ಫೋನು ಒಂದೇ ಸಮ ಬಡಿದುಕೊಂಡಿತು.

ಸ್ನೇಹಾ ಹತ್ತು ನಿಮಿಷದಲ್ಲಿ ಹನ್ನೊಂದು ತೆಗೆದು ಸೊನ್ನೆ ಇಟ್ಟಳು. ಆದರೆ ತಿದ್ದುಪಡಿಗೆ ಖಾಯಂ ನೌಕರರೊಬ್ಬರ ಸಹಿ ಬೇಕು. ಹನ್ನೊಂದು ಇಟ್ಟಾಗ ಸಾಹೇಬರೇ ಹೆಮ್ಮೆಯಿಂದ ಹಾಕಿದ್ದರು. ಈ ಸಲ ಗಿರಾಕಿ, ಸಾಹೇಬರ ಸಹಿ ಬೇಡ, ತಿದ್ದುಪಡಿ ಬರೆದವರ ಸಹಿಯೇ ಬೇಕೆಂದು ಹಟ ಹಿಡಿದಿದ್ದ.

“ತಡಿ ಸ್ನೇಹಾ, ನಿನ್ನ ಹುಟ್ಟಿದ ದಿನ ಜನವರಿ ಒಂದು ಅಂತ ಹಾಕಿಬಿಡ್ತೀನಿ. ಆಗ ಖಾಯಂ ಆಗ್ತಿ. ಯಾರು ನೋಡ್ತಾರ?”

 ಲ್ಯಾಪ್‌ಟಾಪನ್ನು ಅವರ ಮುಂದೆ ಸರಿಸಿದಳು.

“ಬ್ಯಾಡ್ರಿ. ನಿಮ್ಮ ಸಿಸ್ಟಮಿನ್ಯಾಗ ನಾ ಇನ್ನೂ ಹುಟ್ಟಿಲ್ಲ. ಮೊದಲ ನನ್ನ ಸರಿಯಾಗಿ ಹಡೀರಿ, ಆಮ್ಯಾಲ ಸಹಿ.”

ಸಾಹೇಬರು ಅವಳ ಮುಖ ನೋಡಿದರು, ಫೋನು ನೋಡಿದರು. ಬೆವರು ಒರೆಸಿಕೊಂಡು ನೌಕರರ ದಾಖಲೆಯ ತಮ್ಮದೇ ಕೋಡು ತೆರೆದು ಕೂತರು. ಜೂನ್ ಒಂದನ್ನೂ ಹುಟ್ಟಿದ ದಿನವೆಂದು ಅದಕ್ಕೆ ಒಪ್ಪಿಸಲು ಪೂರಾ ಅರ್ಧ ತಾಸು ತಿಣುಕಿದರು. ಸ್ನೇಹಾ ಇಪ್ಪತ್ತಾರು ವರ್ಷದವಳಾಗಿಯೇ ಹುಟ್ಟಿ, ಖಾಯಂ ಆಗಿ, ಸಹಿ ಹಾಕಿ, ಹರ್ತಿಯ ಐದೂವರೆ ಬಸ್ಸಿಗೆ ಓಡಿದಳು.